ತವರಿನ ಸಂಖ್ಯೆ

“ನಿನ್ನೆ ಮಧ್ಯಾಹ್ನ ಬಂದಾಕಿ ಒಂದು ಮಾತೂ ಆಡದ ಹೊಂಟುಹೋದೆಲ್ಲ, ಅವ್ವನ ಮ್ಯಾಲ ಅಷ್ಟು ಸಿಟ್ಟೇನ ನಿಂದು?”

ಒಗ್ಗರಣೆಯ ಚಟಪಟದ ನಡುವೆ ಫೋನಿನಲ್ಲಿ ತಾಯಿ ಹೀಗೆ ಕೇಳಿದಾಗ ವಸುಧಾ ನಕ್ಕುಬಿಟ್ಟಳು.

“ಅವ್ವಾ, ನಿನ್ನೆ ಸಂಜೀತನಕ ನಾ ಆಫೀಸಿನಾಗ ಇದ್ದೆ. ನಿನ್ನ ಮನೀಗೆ ಎಲ್ಲಿ ಬಂದೆ?”

“ಗಂಟಿ ಬಡೀತಲ್ಲ. ನಿಂದೇ ಗಂಟಿ. ನಾ ಒಳಗ ಅಡ್ಡಾಗಿದ್ದೆ. ಮೊಣಕಾಲು ಹಿಡಕೊಂಡು ಎದ್ದು ಬರೂದರಾಗ ಪಡಸಾಲಿಯೊಳಗ ಯಾರೂ ಇಲ್ಲ. ನೀರು ಕುಡದ ಲೋಟ ಮಾತ್ರ ಕಟ್ಟಿ ಮ್ಯಾಲಿತ್ತು.”

“ಆ ಗಂಟಿ ಈಗ ನಂದಲ್ಲವ್ವಾ. ನಂದು ಮದುವಿ ಆಗಿ ಇಪ್ಪತ್ತೆರಡು ವರ್ಷ ಆತು. ಈಗ ನಾ ಬಂದ್ರ ನಿನ್ನ ಬಾಗಲಾ ಬರೇ ಟಿಣ್ ಅಂತದ, ಹೊರಗಿನವರಿಗೆ ಅಂದಂಗ.”

“ಹೌದs?” ಎಂದಳು ತಾಯಿ. “ಹಂಗಾರ ನಾ ಕೇಳಿದ್ದು ಏನು?”

ಫೋನು ಇಟ್ಟ ಮೇಲೆ ಗಂಡ ಮಾಧವ ಪೇಪರಿನಿಂದ ತಲೆಯೆತ್ತದೆ ಹೇಳಿದ, “ಅತ್ತಿಯವರಿಗೆ ವಯಸ್ಸಾತು. ಎರಡು ತಿಂಗಳಿಂದ ಇದೇ ರಾಗ.” ವಸುಧಾ ಹೂಂಗುಟ್ಟಿದಳು. ಅಣ್ಣ ಅತ್ತಿಗೆ ಇಬ್ಬರೂ ದುಡಿಯಲು ಹೋಗುವವರು. ಹಗಲೆಲ್ಲ ಒಬ್ಬಳೇ ಇರುವ ಮುದುಕಿಗೆ ಮಗಳ ನೆನಪು ಗಂಟೆಯಾಗಿ ಕೇಳಿಸಿದರೆ ಅದರಲ್ಲೇನು ಸೋಜಿಗ ಎಂದು ಡಬ್ಬಿಗೆ ಅವಲಕ್ಕಿ ತುಂಬಿಕೊಂಡು ಹೊರಟಳು.

ಡೋಣಿಪುರದಲ್ಲಿ ಬೀಗದ ಕೈ ಕಾಣದೆ ಕಾಲು ಶತಮಾನವಾಗಿತ್ತು. ಮನೆ, ಶಾಲೆ, ಆಸ್ಪತ್ರೆ, ಔಷಧದ ಕಪಾಟು, ಎಲ್ಲದರ ಬಾಗಿಲಲ್ಲೂ ಅಂಗೈಯಗಲದ ಒಂದು ಕಪ್ಪು ಗಾಜು. ಅದರ ಮೇಲೆ ಕೈ ಇಟ್ಟರೆ ಗಾಜಿನ ಹಿಂದಿನ ಪುಟ್ಟ ಲಿನಕ್ಸ್ ಕಂಪ್ಯೂಟರು ಊರ ನಡುವಿನ ಸರ್ವರನ್ನು ಕೇಳುತ್ತಿತ್ತು: ಇವರು ಯಾರು? ಇವರ ಸಂಖ್ಯೆ ಎಷ್ಟು? ಉತ್ತರ ಬಂದ ಕೂಡಲೇ ಬಾಗಿಲು ತನ್ನ ಪಟ್ಟಿ ನೋಡಿಕೊಂಡು, ಆ ಸಂಖ್ಯೆಯವರಿಗೆಂದು ಇಟ್ಟ ಗಂಟೆ ಬಾರಿಸಿ, ತೆರೆದುಕೊಳ್ಳುತ್ತಿತ್ತು. ಊರಿನವರೆಲ್ಲರ ಹೆಸರು, ಅಂಗೈ, ಸಂಖ್ಯೆ ಬರೆದಿಟ್ಟ ಆ ಡೈರೆಕ್ಟರಿಗೆ ಜನ ತಮ್ಮ ಮಾತಿನಲ್ಲಿ ಯಾದಿ ಎಂದು ಹೆಸರಿಟ್ಟಿದ್ದರು. ಯಾದಿ ಶುರುವಾದ ದಿನದಿಂದ ಅದನ್ನು ಕಾಯುತ್ತ ಬಂದವಳು ವಸುಧಾ. ಯಾರಿಗಾದರೂ ಬಾಗಿಲು ತೆರೆಯದಿದ್ದರೆ ಅವಳಿಗೆ ಫೋನು ಬರುತ್ತಿತ್ತು. ತೆರೆಯಬಾರದ ಬಾಗಿಲು ತೆರೆಯಿತು ಎಂಬ ಫೋನು ಮಾತ್ರ ಈ ಇಪ್ಪತ್ತೈದು ವರ್ಷಗಳಲ್ಲಿ ಒಂದೂ ಬಂದಿರಲಿಲ್ಲ.

ಅಂದು ಮಧ್ಯಾಹ್ನ ಹನ್ನೆರಡೂವರೆಗೆ ಬಂತು.

“ಮೇಡಮ್ಮಾರ, ನಾ ಆಸರೆ ಮನಿಯಿಂದ ಮಾತಾಡಾಕತ್ತೀನ್ರಿ. ಶಾಂಭವಿ ಅಂತ. ಇವತ್ತು ಬಾಗಲ ಕಾಯೂ ಪಾಳಿ ನಂದೈತ್ರಿ.”

ಆಸರೆ ಮನೆ ಎಂದರೆ ಗಂಡನ ಹೊಡೆತಕ್ಕೆ ಹೆದರಿ ಓಡಿಬಂದ ಹೆಣ್ಣುಮಕ್ಕಳು ಇರುವ ಜಾಗ. ಹೊರಗೆ ಬೋರ್ಡಿಲ್ಲ. ಅದನ್ನು ಕಟ್ಟಿ ನಡೆಸಿದವಳು ಸುಷ್ಮಾ ಎಂಬ ಹುಡುಗಿ. ಹತ್ತು ದಿನದ ಹಿಂದೆ ಅವಳ ಮದುವೆಯಾಗಿ ಸೊಲ್ಲಾಪುರಕ್ಕೆ ಹೋಗಿದ್ದಳು.

“ಹೇಳವಾ, ಏನಾತು?”

“ಬಾಗಲ ತೆರೀತ್ರಿ. ಮೂರು ಎಣಸೂತನಕ ಹಂಗs ತೆರಕೊಂಡಿತ್ತು. ಯಾರೂ ಒಳಗ ಬರಲಿಲ್ಲ. ಆದ್ರ ನಿಂತಿದ್ದರು. ಹೊಸ್ತಿಲ ಮ್ಯಾಲ ನೆಳ್ಳು ಬಿದ್ದಿತ್ತು. ಆಮ್ಯಾಲ ತಾನs ಮುಚ್ಚಿಕೊಂತು.” ಅವಳ ಉಸಿರು ಫೋನಿಗೆ ಬಡಿಯುತ್ತಿತ್ತು. “ಬಡದಿದ್ದು ಸುಷ್ಮಕ್ಕನ ಗಂಟಿ. ಗಾಜಿನ ಮ್ಯಾಲೂ ಸುಷ್ಮಾ ಅಂತನs ಬಂದೈತಿ. ಸುಷ್ಮಕ್ಕ ಸೊಲ್ಲಾಪುರದಾಗ ಅದಾಳಲ್ರಿ?”

ವಸುಧಾಳಿಗೆ ಬೆಳಿಗ್ಗೆ ಕೇಳಿದ ಮಾತಿಗೂ ಈ ಮಾತಿಗೂ ಏನೋ ಹೋಲಿಕೆ ಇದ್ದಂತೆ ಅನ್ನಿಸಿತು. ಆದರೆ ಅದನ್ನು ಹಿಡಿಯಲು ಪುರುಸೊತ್ತಿರಲಿಲ್ಲ. ಫೋನು ಇಡಬೇಡ ಎಂದು ಹೇಳಿ ಕೀಲಿಮಣೆ ಎಳೆದುಕೊಂಡಳು.

ಮೊದಲು ಹೆಸರು ಹಿಡಿದು ಕೇಳಿದಳು. ಆಸರೆ ಮನೆಯ ಸುಷ್ಮಾ ಯಾರು? ಅಂಥವರು ಇಲ್ಲ ಎಂದಿತು ಯಾದಿ. ಸರಿಯೇ. ಮದುವೆಯ ಮರುದಿನ ಆ ಹೆಸರು ಅಳಿದು, ಸೊಲ್ಲಾಪುರದ ಮನೆಯ ಸೊಸೆ ಮಾನಸಿ ಎಂಬ ಹೊಸ ಹೆಸರು ಹೊಸ ಸಂಖ್ಯೆಯೊಂದಿಗೆ ಹುಟ್ಟಿತ್ತು. ಹಾಗಾದರೆ ಬಾಗಿಲು ಯಾರನ್ನು ಕಂಡಿತು? ಈ ಬಾಗಿಲುಗಳು ಹಳೇ ಕಾಲದ ಕಾವಲುಗಾರರಂತೆ. ಮುಖ ನೋಡುವುದಿಲ್ಲ, ಸಂಖ್ಯೆ ನೋಡುತ್ತವೆ. ಆ ಸಂಖ್ಯೆಯ ಮುಂದೆ ತಾವು ಹಿಂದೆ ಬರೆದಿಟ್ಟುಕೊಂಡ ಹೆಸರನ್ನೇ ಓದಿ ಹೇಳುತ್ತವೆ.

ಸುಷ್ಮಾಳ ಹಳೇ ಸಂಖ್ಯೆ ಹಿಡಿದು ಕೇಳಿದಳು. ನಲವತ್ತೊಂದು ಸಾವಿರದ ಇನ್ನೂರ ಏಳು ಈಗ ಯಾರದು?

ಉತ್ತರ ಬಂತು. ಗುರುಪಾದ ಹಾದಿಮನಿ. ನೋಂದಣಿ ಕಿಟಕಿಯ ಗುಮಾಸ್ತ. ಎಂಟು ದಿನದ ಹಿಂದೆ ನೋಂದಣಿ.

ವಸುಧಾಳಿಗೆ ಆ ಮನುಷ್ಯ ಗೊತ್ತು. ಕೆಳ ಅಂತಸ್ತಿನ ಎರಡನೇ ಕಿಟಕಿ. ಹಣೆಗೆ ವಿಭೂತಿ, ಕೆಳಗೆ ನೋಡಿಕೊಂಡೇ ಮಾತು. ಕೆಲವು ತಿಂಗಳ ಹಿಂದೆ ಚಹಾದ ಹೊತ್ತಿನಲ್ಲಿ ಬಲು ವಿನಯದಿಂದ ಕೇಳಿದ್ದ, “ಮೇಡಂ, ಮದುವಿಯಾದ ಹುಡಿಗ್ಯಾರ ಹಳೇ ಹೆಸರು ಅಳಸತೀವಲ್ರಿ, ಅವರ ಹಳೇ ಬಾಗಲಾ ಏನಾಗ್ತಾವ?” ಅವಳು ನಗುತ್ತ ಹೇಳಿದ್ದಳು, “ಬಾಗಲಾ ಎಲ್ಲಿ ಹೋಗ್ತಾವ್ರೀ, ಇದ್ದಲ್ಲೇ ಇರ್ತಾವ.”

“ಯಾರಂತ ಗೊತ್ತಾತೇನ್ರಿ?” ಫೋನಿನಲ್ಲಿ ಶಾಂಭವಿ ಕೇಳಿದಳು.

“ನಮ್ಮ ಆಫೀಸಿನ ಗುಮಾಸ್ತ, ಗುರುಪಾದ ಹಾದಿಮನಿ ಅಂತ. ನಿನಗೇನಾದ್ರೂ…”

ವಸುಧಾ ಎರಡು ಸಲ ಹಲೋ ಎಂದಳು.

“ನನ್ನ ಗಂಡ ಅದಾನ್ರಿ ಅಂವಾ,” ಎಂದಳು ಶಾಂಭವಿ.

ಆ ಕ್ಷಣಕ್ಕೆ ಇಪ್ಪತ್ತೆರಡು ವರ್ಷದ ಹಿಂದಿನ ಒಂದು ಮಧ್ಯಾಹ್ನ ವಸುಧಾಳ ಕಣ್ಣ ಮುಂದೆ ಬಂತು. ಅವಳು ಆಗ ತಾರಾ. ಅಲ್ಲ, ಹಿಂದಿನ ವಾರದವರೆಗೆ ತಾರಾ. ಮದುವೆಯ ಮಂಟಪದಲ್ಲಿ ಗಂಡ ತಟ್ಟೆಯ ಅಕ್ಕಿಯಲ್ಲಿ ಉಂಗುರದಿಂದ ವಸುಧಾ ಎಂದು ಬರೆದಿದ್ದ. ಅತ್ತೆ ಆ ಅಕ್ಷರಗಳ ಮೇಲೆ ಅರಿಶಿನ ಕುಂಕುಮ ಹಾಕಿ, “ಇನ್ನ ಹಳೇ ಹೆಸರು ಮರೀಬೇಕು ನೋಡವಾ. ಇದು ಹೊಸಾ ಹುಟ್ಟು,” ಎಂದಿದ್ದರು. ಕೈಯ ಮೆಹೆಂದಿ ಇನ್ನೂ ಕೆಂಪಗಿದ್ದಾಗಲೇ ಅವಳು ಕೆಲಸಕ್ಕೆ ಮರಳಿದ್ದಳು. ಅಂದು ಮೇಲಧಿಕಾರಿ ಕೇಳಿದ್ದು ಇದನ್ನೇ: ಹೆಸರು ಬದಲಾಗುವ ಹೆಣ್ಣುಮಕ್ಕಳನ್ನು ಯಾದಿಯಲ್ಲಿ ಏನು ಮಾಡೋಣ?

ಬಾಗಿಲಿನ ಯಂತ್ರಗಳು ಅಗ್ಗದವು. ಅರವತ್ತೈದು ಸಾವಿರದವರೆಗೆ ಮಾತ್ರ ಎಣಿಸಬಲ್ಲವು. ಸಂಖ್ಯೆ ಪೋಲಾಗಬಾರದು. ಅವಳು ಅರ್ಧ ಗಂಟೆಯಲ್ಲಿ ನಿಯಮ ಬರೆದಳು. ಹಳೇ ಹುಡುಗಿಯನ್ನು ಅಳಿಸು. ಹೊಸ ಸೊಸೆಯನ್ನು ಹುಟ್ಟಿಸು. ತೆರವಾದ ಸಂಖ್ಯೆಯನ್ನು ಮರಳಿ ರಾಶಿಗೆ ಹಾಕು. ಬೇರೆ ಊರಿನ ಇಂಜಿನಿಯರು ಯಾರೇ ಆಗಿದ್ದರೂ ಹೆಸರನ್ನಷ್ಟೇ ತಿದ್ದಿ ಸಂಖ್ಯೆಯನ್ನು ಹಾಗೇ ಬಿಡುತ್ತಿದ್ದ. ಅಕ್ಕಿಯ ತಟ್ಟೆಯಲ್ಲಿ ಹೊಸದಾಗಿ ಹುಟ್ಟಿ ಬಂದವಳಿಗೆ ಅದು ಹೊಳೆಯಲೇ ಇಲ್ಲ. ನಿಯಮ ಸರಿಯಿದೆಯೇ ಎಂದು ನೋಡಲು ಅವಳು ಮೊದಲು ಅಳಿಸಿದ್ದು ತನ್ನನ್ನೇ. ಪರದೆಯ ಮೇಲೆ ತಾರಾ ಎಂಬ ಸಾಲು ಮಾಯವಾದಾಗ ಒಂಥರ ಹೆಮ್ಮೆಯೇ ಆಗಿತ್ತು. ಎಷ್ಟು ಚೊಕ್ಕಟ, ಎಂದುಕೊಂಡಿದ್ದಳು.

ಅಳಿದದ್ದು ಹೆಸರು ಮಾತ್ರ. ಆ ಹುಡುಗಿಯರು ತವರಿನಲ್ಲಿ, ಕೆಲಸದಲ್ಲಿ, ತಮ್ಮ ಸಂಖ್ಯೆಗೆ ಬರೆಸಿಕೊಂಡ ಬಾಗಿಲುಗಳೆಲ್ಲ ಇದ್ದಲ್ಲೇ ಇದ್ದವು, ಮುಂದೆ ಆ ಸಂಖ್ಯೆ ಹೊತ್ತು ಬರುವವರ ದಾರಿ ಕಾಯುತ್ತ. ನೋಂದಣಿ ಕಿಟಕಿಯಲ್ಲಿ ಕೂತವನಿಗೆ ರಾಶಿಯಿಂದ ಬೇಕಾದ ಸಂಖ್ಯೆ ಎತ್ತಿ ತನ್ನ ಕೈಗೆ ಬರೆದುಕೊಳ್ಳುವುದು ಎಷ್ಟರ ಮಾತು.

“ಝಾಕೀರ್ ಸಾಬ್ರ!” ಪಕ್ಕದ ಮೇಜಿನ ಸಹೋದ್ಯೋಗಿಯನ್ನು ಕೂಗಿದಳು. “ಪೊಲೀಸರಿಗೆ ಫೋನ್ ಹಚ್ಚರಿ. ಕೆಳಗ ಎರಡನೇ ಕಿಟಕ್ಯಾಗ ಗುರುಪಾದ ಇದ್ದಾನೇನು ನೋಡರಿ.”

ಝಾಕೀರ್ ಓಡಿಹೋಗಿ ಬಂದರು. ಅವರೂ ಅವಳಂತೆ ಐವತ್ತರ ಹತ್ತಿರದವರು, ಏದುಸಿರು ಬಿಡುತ್ತಿದ್ದರು. “ಕಿಟಕಿ ಮುಚ್ಚೇದ್ರಿ. ಹನ್ನೊಂದಕ್ಕ ಹೊಟ್ಟಿನೋವು ಅಂತ ಹೇಳಿ ಹೋಗ್ಯಾನಂತ.”

ವಸುಧಾ ಗುರುಪಾದನ ಸಾಲನ್ನು ಯಾದಿಯಿಂದ ಅಳಿಸಿದಳು. “ಶಾಂಭವಿ, ಬಾಗಲದ ಗಾಜು ನೋಡು. ಒಳಗ ಬರಬಹುದಾದವರ ಪಟ್ಟಿಯೊಳಗ ಸುಷ್ಮಾ ಅಂತ ಇನ್ನೂ ಅದ ಏನು?”

“ಐತ್ರಿ. ಹಸರು ದೀಪ ಐತ್ರಿ ಅದರ ಮುಂದ.”

ಅವಳಿಗೆ ಗೊತ್ತಿದ್ದ ಸಂಗತಿಯೇ. ಡೋಣಿಪುರದಲ್ಲಿ ಲೈನು ಆಗಾಗ ಕಡಿಯುತ್ತದೆ. ಹಾಗೆಂದು ಜನ ಬೀದಿಯಲ್ಲಿ ನಿಲ್ಲಬಾರದಲ್ಲ, ಅದಕ್ಕೇ ಪ್ರತಿ ಬಾಗಿಲೂ ಹಿಂದೆ ಒಳಬಿಟ್ಟವರನ್ನು ಒಂದು ಹಗಲು ಒಂದು ರಾತ್ರಿ ನೆನಪಿಟ್ಟುಕೊಳ್ಳುತ್ತದೆ. ಆ ಮೂರು ಎಣಿಕೆಯ ಹೊತ್ತು ಅವನು ಬಾಗಿಲು ತೆರೆದು ನಿಂತಿದ್ದು ಸುಮ್ಮನೆ ಪರೀಕ್ಷೆಗಲ್ಲ. ಬಾಗಿಲಿನ ನೆನಪಿನಲ್ಲಿ ಕೂರಲು. ಇನ್ನು ಯಾದಿಯಲ್ಲಿ ಅವನ ಹೆಸರಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

“ಇಲ್ಲಿಂದ ಆ ನೆನಪು ಒರಸಲಿಕ್ಕೆ ಬರೂದಿಲ್ಲೇನ್ರಿ?” ಝಾಕೀರ್ ಕೇಳಿದರು.

“ಬರೂದಿಲ್ಲ. ಬ್ಯಾರೆ ಬಾಗಲಕ್ಕೆಲ್ಲಾ ನಡಿಯೂ ನಮ್ಮ ರೂಟ್ ಅಧಿಕಾರ ಆಸರೆ ಮನೀ ಬಾಗಲಕ್ಕ ನಡೆಯೂದಿಲ್ಲ. ಸರಕಾರದವರೂ ಮುಟ್ಟಬಾರದು ಅಂತ ಸುಷ್ಮಾ ಹಟ ಹಿಡದಿದ್ದಳು. ನಾನೇ ಹೌದಂದಿದ್ದೆ. ಬಾಗಲದ ಒಡತಿ ಒಬ್ಬಾಕಿನs ಅದನ್ನ ಒರಸಬೇಕು.”

“ಒಡತಿ ಅಂದ್ರ ಆ ಸಂಖ್ಯೆ ಇದ್ದವರು.”

“ಹೂಂ.”

ವಸುಧಾ ನಲವತ್ತೊಂದು ಸಾವಿರದ ಇನ್ನೂರ ಏಳನ್ನು ತೆಗೆದು ಸೊಲ್ಲಾಪುರದ ಸೊಸೆ ಮಾನಸಿಯ ಹೆಸರಿನ ಮುಂದೆ ಕೂಡಿಸಿದಳು. ಆಮೇಲೆ ಫೋನು ಮಾಡಿದಳು. ಹಿನ್ನೆಲೆಯಲ್ಲಿ ಆರತಿಯ ಹಾಡು, ಬಳೆಗಳ ಸದ್ದು.

“ಮೇಡಂ? ನಾ ಆಮ್ಯಾಲ ಮಾತಾಡಲೇನು? ಇಲ್ಲೆ ಸತ್ಯನಾರಾಯಣ ಪೂಜಿ ನಡದದ. ಹೊಸಾ ಸೊಸಿ ಫೋನ್ ಹಿಡಕೊಂಡು ಮೂಲೀಗೆ ಹೋಗ್ಯಾಳ ಅಂತಾರ.”

“ಸುಷ್ಮಾ, ಆಸರೆ ಮನೀ ಬಾಗಲಾ ಗುರುಪಾದ ತೆರದಾನ. ಶಾಂಭವಿ ಗಂಡ.”

ಆರತಿಯ ಸದ್ದು ದೂರವಾಯಿತು. ಬಾಗಿಲು ಮುಚ್ಚಿದ, ಚಿಲಕ ಬಿದ್ದ ಸದ್ದು. ಬಚ್ಚಲಿರಬೇಕು, ಮಾತು ಗುಂಯ್‌ಗುಡುತ್ತಿತ್ತು. “ಏನು ಮಾಡಲಿ ಹೇಳರಿ.”

ಇನ್ನೊಂದು ಕಿವಿಯ ಫೋನಿನಲ್ಲಿ ಶಾಂಭವಿ ಪಿಸುಗುಟ್ಟಿದಳು. “ಅಕ್ಕಾರ, ನೆಳ್ಳು ಬಂತ್ರಿ.”

“ಎಲ್ಲಾರೂ ಬಾಗಲಕ್ಕ ಬೆನ್ನ ಕೊಟ್ಟು ಕೂಡ್ರಿ. ಎಷ್ಟು ಮಂದಿ ಇದ್ದೀರಿ?”

“ಆರು ಮಂದಿ. ಒಬ್ಬಾಕಿ ಬಸುರಿ.”

“ಆಕೀನ ಬಿಟ್ಟು ಎಲ್ಲಾರೂ ಕೂಡ್ರಿ.”

ಗಂಟೆ ಬಡಿಯಿತು. ಸುಷ್ಮಾಳದ್ದು ನವಿರಾದ, ಗೆಜ್ಜೆಯಂಥ ಗಂಟೆ. ಅಂಥ ಮುದ್ದಾದ ಸದ್ದಿಗೆ ಐದು ಹೆಂಗಸರು ಒಟ್ಟಿಗೆ ಉಸಿರು ಹಿಡಿದದ್ದು ವಸುಧಾಳಿಗೆ ಕೇಳಿಸಿತು. ಆಮೇಲೆ ಹಲಗೆ ಬೆನ್ನುಗಳಿಗೆ ಗುದ್ದಿದ ಸದ್ದು. ಒಂದು ಸಲ. ಎರಡು ಸಲ. ಗಂಡಸಿನ ದನಿಯಿಲ್ಲ, ಬೈಗುಳವಿಲ್ಲ. ಆ ಮೌನವೇ ಎಲ್ಲಕ್ಕಿಂತ ಕೆಟ್ಟದ್ದೆನಿಸಿತು.

“ಫೋನಿನಿಂದ ಆ ಬಾಗಲಕ್ಕ ಲಾಗಿನ್ ಆತೇನು ಸುಷ್ಮಾ?”

“ಕೈಗೆ ಮೆಹೆಂದಿ ಅದ ಮೇಡಂ, ಫೋನು ಅಂಗೈ ಹಿಡೀವಲ್ದು.”

“ಎಡಗೈ ಇಡು.”

“ಅದಕ್ಕೂ ಅದ… ಇರ್ರಿ, ತಿಕ್ಕತೀನಿ… ತಡೀರಿ… ಆತು! ಒಳಗ ಹೋತು!”

“ನೆನಪು ಒರಸು. ಪೂರಾ ಒರಸು. ಆಮ್ಯಾಲ ಬಾಗಲಾ ನಿನ್ನ ಸಂಖ್ಯೆ ಮ್ಯಾಲಿಂದ ತಗದು ಆಸರೆ ಮನೀ ಗುಂಪಿನ ಹೆಸರಿಗೆ ಬರಿ.”

ಯಾರೋ ಹೊರಗಿನಿಂದ ಸೊಲ್ಲಾಪುರದ ಆ ಬಚ್ಚಲ ಬಾಗಿಲು ತಟ್ಟಿದರು. “ಮಾನಸೀ, ತೀರ್ಥ ತಗೋಳಿಲ್ಲಲ್ಲವಾ ನೀ?” ಸುಷ್ಮಾ “ಬಂದೆ ಅತ್ತಿ” ಎಂದಳು. ಅವಳ ದನಿ ನಡುಗಲಿಲ್ಲ. ವಸುಧಾಳಿಗೆ ಅವಳ ಮೇಲೆ ಆಗ ಉಕ್ಕಿದ ಮಮತೆಗೆ ಹೆಸರಿರಲಿಲ್ಲ.

“ಅಕ್ಕಾರ,” ಶಾಂಭವಿ ಅಳುತ್ತಿದ್ದಳು, “ಕೆಂಪು ದೀಪ ಬಂತ್ರಿ. ಕಡ್ ಅಂತ ಬಿತ್ತು. ನೆಳ್ಳು ಹೋತು.”

ಝಾಕೀರ್ ಕುರ್ಚಿಯಲ್ಲಿ ಕುಸಿದರು. “ಪೊಲೀಸರು ಆ ಕಡೇನs ಹೊಂಟಾರ. ಸಿಕ್ಕೇ ಸಿಗ್ತಾನ ಬಿಡ್ರಿ. ಒಂದು ಚಹಾ ಹೇಳಲೇನು?”

ವಸುಧಾ ಮತ್ತೆ ಕೀಲಿಮಣೆಯತ್ತ ತಿರುಗಿದಳು. ಬೆಳಿಗ್ಗೆ ಹಿಡಿಯಲಾಗದೆ ಜಾರಿದ್ದು ಈಗ ಕೈಗೆ ಸಿಕ್ಕಿತ್ತು. ಮೊದಲ ಸಲಕ್ಕೇ ಇಷ್ಟು ಸಲೀಸಾಗಿ ಮಾಡಬಲ್ಲವನು ಹಿಂದೆ ಎಲ್ಲೋ ಕೈ ಪಳಗಿಸಿಕೊಂಡಿರಬೇಕು. ಗುರುಪಾದನ ಅಂಗೈ ಹಿಡಿದು ಯಾದಿಯನ್ನು ಕೇಳಿದಳು. ಈ ಕೈ ಇನ್ನೆಲ್ಲೆಲ್ಲಿದೆ?

ಅವನ ಸ್ವಂತ ಸಾಲಿನ ಕೆಳಗೆ ಇನ್ನೊಂದು ಸಾಲು ಬಂತು. ಎರಡು ತಿಂಗಳ ಹಿಂದಿನ ನೋಂದಣಿ. ಸಂಖ್ಯೆ ಒಂದು ಸಾವಿರದ ನಲವತ್ತೆರಡು.

ಮರೆಯಲು ಸಾಧ್ಯವೇ? ಮೊಣಕಾಲಿನ ಬಾಲ್ಯದ ಗಾಯದ ಕಲೆಯಂತೆ ಅದು ಅವಳದು, ತಾರಾಳ ಸಂಖ್ಯೆ. ತೆರವಾದ ಸಂಖ್ಯೆಗಳ ರಾಶಿಯಲ್ಲಿ ಎಲ್ಲಕ್ಕಿಂತ ಮೊದಲನೆಯದು. ಹೊಸಬರಿಗೆ ಕೊಡುವಾಗ ಕೊನೆಗೆ ಬಂದು ಬಿದ್ದ ಸಂಖ್ಯೆಯನ್ನೇ ಎತ್ತುವುದು ರೂಢಿಯಾದ್ದರಿಂದ ಇಪ್ಪತ್ತೆರಡು ವರ್ಷ ಯಾರ ಪಾಲಿಗೂ ಬಾರದೆ ಪಟ್ಟಿಯ ತಲೆಯಲ್ಲೇ ಕೂತಿತ್ತು. ಪರೀಕ್ಷೆ ಮಾಡುವವನು ಮೊದಲನೆಯದನ್ನೇ ಎತ್ತಿಕೊಳ್ಳುತ್ತಾನಲ್ಲ. ಎರಡು ತಿಂಗಳಿಂದ ಮಧ್ಯಾಹ್ನಗಳಲ್ಲಿ ಅವನು ಅವ್ವನ ಪಡಸಾಲೆಯಲ್ಲಿ ಕೂತು, ನೀರು ಕುಡಿದು, ಒಳಗೆ ಮಲಗಿದ ಮುದುಕಿಯ ಉಸಿರು ಕೇಳಿಸಿಕೊಂಡು ಎದ್ದುಹೋಗಿದ್ದ. ಮನೆಯವರೆಲ್ಲ ಅವ್ವನಿಗೆ ಅರಳುಮರಳು ಎಂದು ನಕ್ಕಿದ್ದರು.

ಆ ಸಾಲನ್ನೂ ಅಳಿಸಿದಳು. ಒಂದು ಸಾವಿರದ ನಲವತ್ತೆರಡನ್ನು ತನ್ನ ಹೆಸರಿನ ಮುಂದೆ ಬರೆದುಕೊಂಡಳು. ಆದರೆ ಅವನು ನಿನ್ನೆ ಆ ಮನೆಗೆ ಹೋಗಿದ್ದ, ಆಸರೆ ಮನೆಯಿಂದ ಓಡಿದವನಿಗೆ ಅಡಗಲು ಹತ್ತಿರದ ಜಾಗವೂ ಅದೇ. ಇವತ್ತು ಈ ಹೊತ್ತಿಗೂ ಬಾಗಿಲಿನ ನೆನಪಿನಲ್ಲಿ ಅವನು ಇದ್ದೇ ಇದ್ದ. ಒರೆಸಲು ಕಳಿಸಿದ ಆಜ್ಞೆ ಅಲ್ಲಿಗೆ ಮುಟ್ಟಲಿಲ್ಲ, ಆ ರಸ್ತೆಯ ಬಾಗಿಲುಗಳ ಲೈನು ಕಡಿದಿತ್ತು.

ಅವ್ವನಿಗೆ ಫೋನು ಮಾಡಿದಳು. ಆರು ಸಲ ಗಂಟೆಯಾದ ಮೇಲೆ ಎತ್ತಿದಳು.

“ಅವ್ವಾ, ಬಾಗಲಾ…”

“ಬಾಗಲಕ್ಕ ಬೀಸೂಕಲ್ಲು ಇಟ್ಟೀನಿ,” ಎಂದಳು ತಾಯಿ. ದನಿ ತಗ್ಗಿತ್ತು. “ಬೆಳಿಗ್ಗೆ ನೀನs ಅಂದೆಲ್ಲ, ಆ ಗಂಟಿ ನಂದಲ್ಲ ಅಂತ. ಆವಾಗಿಂದ ವಿಚಾರ ಮಾಡೇ ಮಾಡಿದೆ. ನಿಂದಲ್ಲ ಅಂದ್ರ ಇನ್ನ್ಯಾರದೋ ಇರಬೇಕಲ್ಲ? ಎಳಕೊಂಡು ಬರೂದರಾಗ ಸೊಂಟ ಬಿತ್ತು ನೋಡು.”

ಆಗ ಫೋನಿನೊಳಗೆ ಆ ಗಂಟೆ ಕೇಳಿಸಿತು. ಏರುತ್ತ ಹೋಗಿ ಮೂರನೆಯದರಲ್ಲಿ ನಿಲ್ಲುವ ಮೂರು ಸ್ವರ. ಇಪ್ಪತ್ತೆರಡರ ಹರೆಯದ ತಾರಾ ಅರ್ಧ ದಿನ ಕೂತು ಆರಿಸಿಕೊಂಡದ್ದು. ಅದರ ಹಿಂದೆಯೇ ಕಲ್ಲು ನೆಲಕ್ಕೆ ಉಜ್ಜಿದ ಸದ್ದು. ಸ್ವಲ್ಪ. ಇನ್ನೂ ಸ್ವಲ್ಪ.

“ಯಾರು?” ಎಂದಳು ತಾಯಿ, ಬಾಗಿಲ ಕಡೆಗೆ. “ನೀ ನನ್ನ ಮಗಳಲ್ಲ. ನನ್ನ ಮಗಳು ಬಂದ್ರ ಹೊರಗ ನಿಂತು ‘ಅವ್ವಾ’ ಅಂತಾಳ. ನೀ ಅನ್ನು ನೋಡೋಣು.”

ಕಲ್ಲಿನ ಸದ್ದು ನಿಂತಿತು. ಆಮೇಲೆ ಬಾಗಿಲ ಸಂದಿಯಿಂದ ಒಂದು ಗಂಡುದನಿ, ಮೆಲ್ಲಗೆ, ಬಲು ವಿನಯದಿಂದ ಹೇಳಿತು:

“ಅವ್ವಾ.”

ವಸುಧಾ ಕಿರುಚಿದಳು. “ಅವ್ವಾ, ಫೋನು ಬಾಗಲ ಕಡೆ ಹಿಡಿ! ಗುರುಪಾದ! ಗುರುಪಾದ ಹಾದಿಮನಿ! ನಾ ಯಾದಿ ಆಫೀಸಿನಿಂದ ಮಾತಾಡಾಕತ್ತೀನಿ! ನೀ ಎಲ್ಲಿ ನಿಂತೀದಿ ಅಂತ ಕಾಣಸಾಕತ್ತದ ನನಗ!” ಕಾಣಿಸುತ್ತಿರಲಿಲ್ಲ. ಅವಳ ಮುಂದಿದ್ದದ್ದು ಅಳಿಸಿದ ಒಂದು ಸಾಲಿನ ಖಾಲಿ ಜಾಗ ಮಾತ್ರ. ಆದರೂ ಆ ಹೆಸರನ್ನು ಮತ್ತೆ ಮತ್ತೆ ಕೂಗಿದಳು. ಝಾಕೀರ್ ಎದ್ದುನಿಂತು ಪೊಲೀಸರಿಗೆ ಸ್ಟೇಶನ್ ರಸ್ತೆಯ ಅವ್ವನ ಮನೆಯ ವಿಳಾಸ ಹೇಳುತ್ತಿದ್ದರು.

“ಹೋದಂಗಾತು,” ಎಂದಳು ತಾಯಿ ಕೊನೆಗೆ. “ಮೆಟ್ಟಲಾ ಇಳದಂಗಾತು. ಇಲ್ಲಾ, ಅಲ್ಲೇ ನಿಂತಾನೇನೋ. ನನಗ ತಿಳೀವಲ್ದು.” ಅಷ್ಟರಲ್ಲಿ ಫೋನು ಕಡಿಯಿತು. ಲೈನು ಹೋಗಿತ್ತೋ, ಏನಾಗಿತ್ತೋ.

ಸ್ಟೇಶನ್ ರಸ್ತೆಗೆ ಆಟೋದಲ್ಲಿ ಹದಿನೈದು ನಿಮಿಷ. ದಾರಿಯಲ್ಲಿ ಎರಡೂ ಬದಿಯ ಬಾಗಿಲುಗಳು ಹಸಿರು ಕೆಂಪು ದೀಪ ಮಿಟುಕಿಸುತ್ತ ಹಿಂದೆ ಸರಿದವು. ಅಷ್ಟು ಮನೆಗಳಲ್ಲಿ ಎಷ್ಟು ತಾರೆಯರು, ಸುಷ್ಮೆಯರು ಅಳಿದುಹೋಗಿದ್ದರೋ, ಅವರ ಗಂಟೆಗಳನ್ನು ಈಗ ಯಾರು ಬಾರಿಸುತ್ತಿದ್ದರೋ. ಝಾಕೀರ್ ಫೋನು ಮಾಡಿದರು. ಪೊಲೀಸರು ಆಸರೆ ಮನೆಯಿಂದ ಈಗಷ್ಟೇ ಹೊರಟಿದ್ದಾರೆ, ಗುರುಪಾದ ಎಲ್ಲೂ ಸಿಕ್ಕಿಲ್ಲ.

ಮನೆಯ ಮುಂದೆ ಯಾರೂ ಇರಲಿಲ್ಲ. ಮೆಟ್ಟಿಲ ಮೇಲೆ ಹಾಗೇ ಬಿಟ್ಟುಹೋದ ಒಂದು ಜೊತೆ ಗಂಡಸಿನ ಚಪ್ಪಲಿ. ಅಣ್ಣನದೋ, ಅಲ್ಲವೋ. ಅವಳಿಗೆ ಗೊತ್ತಾಗಲಿಲ್ಲ. ಗಾಜಿನ ಮೇಲೆ ಅಂಗೈ ಇಟ್ಟಳು. ಲೈನು ಮರಳಿತ್ತು; ಇಪ್ಪತ್ತೆರಡು ವರ್ಷದ ಮೇಲೆ ಮೊದಲ ಸಲ ಆ ಮನೆಯ ಬಾಗಿಲು ಅವಳನ್ನು ಗುರುತಿಸಿ ಆ ಮೂರು ಸ್ವರ ಬಾರಿಸಿತು. ಗಾಜಿನ ಮೇಲೆ ತಾರಾ ಎಂದು ಮೂಡಿತು. ಬಾಗಿಲು ನಾಲ್ಕು ಬೆರಳಿನಷ್ಟು ತೆರೆದು ಕಲ್ಲಿಗೆ ತಾಗಿ ನಿಂತಿತು.

ಒಳಗೆ ಸದ್ದಿಲ್ಲ. ಸಂದಿಯಿಂದ ಕತ್ತಲು ಮಾತ್ರ ಕಾಣುತ್ತಿತ್ತು. ಆ ಕತ್ತಲಲ್ಲಿ ಯಾರೋ ಉಸಿರು ಬಿಗಿಹಿಡಿದು ಕೂತಿದ್ದಾರೆ ಎಂಬುದು ಅವಳ ಚರ್ಮಕ್ಕೇ ತಿಳಿಯಿತು. ಅದು ಅವ್ವನೇ ಆಗಿದ್ದರೆ, ಅವಳು ಈಗ ಹೆದರಿರುವುದು ಮಗಳ ಗಂಟೆ ಕೇಳಿಯೇ.

“ಅವ್ವಾ,” ಎಂದಳು.

ಈ ಮಾತನ್ನೂ ಈ ಹೊಸ್ತಿಲಲ್ಲಿ ಇನ್ನೊಬ್ಬರು ಆಡಿಹೋಗಿದ್ದರು.

“ಅವ್ವಾ, ನಾನು. ತಾರಾ.” ಎಷ್ಟೋ ವರ್ಷಗಳಿಂದ ಅವಳ ಬಾಯಲ್ಲಿ ಬಾರದ ಹೆಸರು ಅದು. ಬಾಗಿಲಿಗೆ ಹಣೆ ಹಚ್ಚಿ ನಿಂತಳು. ದಬ್ಬಲಿಲ್ಲ.

ಬಹಳ ಹೊತ್ತಿನ ಮೇಲೆ ಒಳಗೆ ಕಲ್ಲು ಒಂದಿಷ್ಟು ಅಲುಗಿತು.